ದಂತಪ್ಪ ಬಲಗಡೆಯವರು ಇನ್ನೂ ಇದ್ದಾರೆ

ಹನ್ನೊಂದು ವರ್ಷಗಳ ಹಿಂದೆ, ನವೆಂಬರ್ ತಿಂಗಳ ಎರಡನೆಯ ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ, ಭಟ್ಕಳದ ಒಂದು ದಂತ ಚಿಕಿತ್ಸಾಲಯದಲ್ಲಿ ನನ್ನ ಬಲಗಡೆ ಕೆಳದವಡೆಯ ಕಟ್ಟಕಡೆಯ ಹಲ್ಲು ತನ್ನ ಜಾಗದಿಂದ ಎದ್ದು, ನಡುವಿನ ಒಂದು ಹಲ್ಲನ್ನು ದಾಟಿ, ಮುಂದೆ ಖಾಲಿಯಾಗಿದ್ದ ಜಾಗದಲ್ಲಿ ಹೋಗಿ ಕೂತಿತು. ಎದ್ದದ್ದಕ್ಕೂ ಕೂತದ್ದಕ್ಕೂ ನಡುವೆ ಅದು ಬಾಯಿಯ ಹೊರಗೆ ಇದ್ದದ್ದು ಆರು ನಿಮಿಷ. ಸಮಯ ನೋಡಿದವನು ನಾನೇ. ಬಾಯಿ ಜೋಮು ಹಿಡಿದಿದ್ದರೂ ಕಣ್ಣು ಎದುರಿನ ಗೋಡೆ ಗಡಿಯಾರದ ಮೇಲೆ ನೆಟ್ಟಿತ್ತು. ಯಾವ ಘಟನೆ ಎಷ್ಟು ಗಂಟೆಗೆ ನಡೆಯಿತೆಂದು ಗೊತ್ತಿಲ್ಲದಿದ್ದರೆ ನನಗೆ ಅದು ನಡೆದಂತೆಯೇ ಅನಿಸುವುದಿಲ್ಲ. ಹೊನ್ನಾವರದಲ್ಲಿ ಕೂತು, ದಕ್ಷಿಣಕ್ಕೆ ಭಟ್ಕಳದವರೆಗೆ, ಉತ್ತರಕ್ಕೆ ಕುಮಟೆಯವರೆಗೆ ಒಂದು ಪತ್ರಿಕೆಗೆ ಸುದ್ದಿ ಕಳಿಸುತ್ತ ಅರ್ಧ ಆಯುಷ್ಯ ಕಳೆದವನ ರೋಗ ಇದು. ಇದಕ್ಕೆ ಯಾವ ಡಾಕ್ಟರರ ಬಳಿಯೂ ಮದ್ದಿಲ್ಲ.

ಒಂದು ತಪ್ಪೊಪ್ಪಿಗೆಯನ್ನು ಮೊದಲೇ ಮಾಡಿಬಿಡುತ್ತೇನೆ. ಇಷ್ಟು ವರ್ಷಗಳಲ್ಲಿ ನಾನು ಮುಳುಗಿದ ದೋಣಿಯ ಬಗ್ಗೆ ಬರೆದಿದ್ದೇನೆ, ಕುಸಿದ ಗುಡ್ಡದ ಬಗ್ಗೆ ಬರೆದಿದ್ದೇನೆ, ಉದ್ಘಾಟನೆಯ ಮರುವಾರವೇ ಕಿತ್ತುಹೋದ ರಸ್ತೆಯ ಬಗ್ಗೆಯಂತೂ ಕಣ್ಣು ಮುಚ್ಚಿ ಬರೆಯಬಲ್ಲೆ. ಆದರೆ ಸಂಜೆ ಸುರಕ್ಷಿತವಾಗಿ ದಡಕ್ಕೆ ಬಂದ ದೋಣಿಯ ಬಗ್ಗೆ ಒಂದು ಸಾಲನ್ನೂ ಬರೆದಿಲ್ಲ. ಬಿದ್ದ ಸೇತುವೆ ಸುದ್ದಿ. ನಿಂತ ಸೇತುವೆ ಬರೀ ದಾರಿ. ನನ್ನ ಹಲ್ಲು ಈ ನಿಯಮವನ್ನು ಮುರಿಯಿತು. ಮುರಿಯುವ ಮುನ್ನ ನನ್ನ ಮಾನವನ್ನು ನಾಲ್ಕು ಇಂಚಿನ ಸುದ್ದಿಯಾಗಿ ಮೂರು ತಾಲೂಕಿಗೂ ಹಂಚಿತು.

ಎಲ್ಲ ಶುರುವಾದದ್ದು ಧಾರೇಶ್ವರದ ಭಾವನ ಮನೆಯಲ್ಲಿ. ಭಾವ ಎಂದರೆ ನನ್ನ ಅಕ್ಕನ ಗಂಡ ಗಣಪತಿ. ಅವರ ಬಾಯಲ್ಲಿ ಸ್ವಂತದ್ದೆನ್ನುವ ಒಂದು ಹಲ್ಲೂ ಇಲ್ಲ, ಮೇಲೂ ಕೆಳಗೂ ಕಟ್ಟಿಸಿದ ಸೆಟ್ಟು. ಅವತ್ತು ಊಟಕ್ಕೆ ಏಡಿ ಸಾರು. ನಮ್ಮ ಕಡೆ ಏಡಿಯ ಕಾಲನ್ನು ಹಲ್ಲಿನಿಂದಲೇ ಒಡೆಯಬೇಕು. ಅದಕ್ಕೆ ಕಲ್ಲು ಕೇಳುವವನನ್ನು ಘಟ್ಟದ ಮೇಲಿನವನೆಂದು ತಿಳಿಯುತ್ತಾರೆ. ಪಕ್ಕದಲ್ಲಿ ಕೂತ ನನ್ನ ಅಮ್ಮ, ಹೊನ್ನಾವರದ ಪಕ್ಕದ ಕಾಸರಕೋಡಿನಲ್ಲಿ ನಲವತ್ತು ವರ್ಷ ಮೀನು ಮಾರಿದವಳು, ಕಟ್ ಕಟ್ ಎಂದು ಒಂದಾದ ಮೇಲೊಂದು ಒಡೆಯುತ್ತಿದ್ದಳು. ನಾನೂ ಒಡೆದೆ. ಒಡೆದದ್ದು ಏಡಿಯ ಕಾಲಲ್ಲ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಅಮ್ಮ ನನ್ನ ಅಂಗೈಯಲ್ಲಿದ್ದ ಹಲ್ಲಿನ ಚೂರನ್ನು ನೋಡಿದಳು, ಮತ್ತೆ ತಟ್ಟೆಯಲ್ಲಿ ಸುಖವಾಗಿ ಬಿದ್ದಿದ್ದ ಏಡಿಯ ಕಾಲನ್ನು ನೋಡಿದಳು. "ಸತ್ತ ಏಡಿ ಕೈಲಿ ಸೋತ್ಯಲಾ ಮಗಾ" ಎಂದಳು. ಅಷ್ಟೇ. ಆಮೇಲೆ ಆ ಕಾಲನ್ನು ತಾನೇ ತೆಗೆದುಕೊಂಡು ಒಡೆದು ತಿಂದಳು.

ಭಟ್ಕಳದ ಡಾ. ನಸೀಮಾ ಒಡೆದ ಹಲ್ಲನ್ನು ನೋಡಿ, ಬೇರಿನವರೆಗೆ ಸೀಳಿದೆ, ತೆಗೆಯದೆ ಗತಿಯಿಲ್ಲ ಎಂದರು. ಖಾಲಿ ಜಾಗಕ್ಕೆ ಏನು ಮಾಡುವುದು? ಎಲುಬಿನಲ್ಲಿ ತಿರುಪು ಕೂರಿಸಿ ಕೃತಕ ಹಲ್ಲು ಹಾಕಬಹುದು, ಅಥವಾ ಅಕ್ಕಪಕ್ಕದ ಎರಡು ಹಲ್ಲನ್ನು ಸವೆಸಿ ಸೇತುವೆ ಕಟ್ಟಬಹುದು. ಸೇತುವೆ ಎಂದೊಡನೆ ನಾನು ಹೌಹಾರಿದೆ. ನಮ್ಮ ತಾಲೂಕಿನ ಸೇತುವೆಗಳ ಬಗ್ಗೆ ಬರೆದವನು ನಾನೇ. ಡಾಕ್ಟರು ಕನ್ನಡಿಯನ್ನು ಇನ್ನೂ ಒಳಕ್ಕೆ ಹಾಕಿ ಕೊನೆಯ ಹಲ್ಲನ್ನು ನೋಡಿದರು. "ಈ ಬುದ್ಧಿಹಲ್ಲು ಒಳ್ಳೆ ಗಟ್ಟಿ ಉಂಟು. ಮೇಲೆ ಜೋಡಿಯಿಲ್ಲ, ಅಗಿಯೋ ಕೆಲಸ ಇಲ್ಲ, ಸುಮ್ನೆ ಕೂತಿದೆ. ಹೊರಗಿನವರನ್ನ ಕರೆಯೋ ಮೊದಲು ಮನೆಯವರನ್ನೇ ಒಂದ್ಸಲ ಕೇಳಬಾರದಾ?" ಎಂದರು. ಇದ್ದ ಹಲ್ಲನ್ನೇ ಬುಡಸಹಿತ ಎಬ್ಬಿಸಿ ಮುಂದಿನ ಗುಳಿಯಲ್ಲಿ ನೆಡುವುದು. ಬೇರಿನ ಸುತ್ತ ಇರುವ ತೆಳುವಾದ ಪೊರೆ ಹರಿಯದೆ ಉಳಿದರೆ ಅದು ಹೊಸ ಜಾಗದಲ್ಲೂ ಅಂಟಿಕೊಂಡು ಬದುಕುತ್ತದೆಯಂತೆ. ಎಷ್ಟು ದಿನ ಎಂದು ಕೇಳಿದೆ. "ಐದು ವರ್ಷ ಬಂದ್ರೆ ಒಳ್ಳೇದು. ಹತ್ತು ಬಂದ್ರೆ ನಾನೇ ನಿಮಗೆ ಥ್ಯಾಂಕ್ಸ್ ಹೇಳ್ತೇನೆ. ಗ್ಯಾರಂಟಿ ಬರೆದು ಕೊಡೋದಿಲ್ಲ, ನೀವು ಪೇಪರಿನವರು" ಎಂದರು.

ಆಮೇಲೆ ಎರಡು ವಾರ ಆ ಹಲ್ಲನ್ನು ಪಕ್ಕದವರಿಗೆ ಸಣ್ಣ ತಂತಿಯಿಂದ ಕಟ್ಟಿಹಾಕಿದ್ದರು. ನಾನು ಗಂಜಿ ಕುಡಿದೆ. ಮುಂದೆ ಅದರ ಒಳಗಿನ ನರವನ್ನು ತೆಗೆದು ಬೇರಿನ ಕಾಲುವೆ ತುಂಬಿದರು. ಅಮ್ಮ ದಿನಾ ಬೆಳಿಗ್ಗೆ "ಚಿಗುರ್ತಾ?" ಎಂದು ಕೇಳುತ್ತಿದ್ದಳು. ಭಾವ ಧಾರೇಶ್ವರದಿಂದ ಫೋನು ಮಾಡಿ, "ಕಿತ್ತ ಹಲ್ಲು ನಿಂತದ್ದು ನಾ ಕಂಡಿಲ್ಲ ಮಾರಾಯಾ. ನಂದು ಮೂವತ್ತೆರಡೂ ಹೋಗಿದ್ದು, ಒಂದಾದ್ರೂ ವಾಪಸ್ ಬಂತಾ?" ಎಂದರು. ಅಕ್ಕನ ಮಗಳ ನಾಮಕರಣದಲ್ಲಿ, ಇಡೀ ಪಂಕ್ತಿಯ ಎದುರು, ಅವರು ಘೋಷಿಸಿಯೂ ಬಿಟ್ಟರು: "ಇದು ಹತ್ತು ವರ್ಷ ನಿಂತ್ರೆ ನನ್ನ ಸೆಟ್ಟು ತೆಗ್ದು ಬಾಳೆಲೆ ಮೇಲಿಟ್ಟು, ಅದಕ್ಕೆ ಕೈ ಮುಗೀತೆ." ಅಲ್ಲಿಂದ ಮುಂದೆ ಮದುವೆ, ಮುಂಜಿ, ಯಾವ ಮನೆಯ ಊಟವಾದರೂ ಬಡಿಸುವವರು ಅನ್ನಕ್ಕಿಂತ ಮೊದಲು ನನ್ನ ಹಲ್ಲನ್ನು ವಿಚಾರಿಸುತ್ತಿದ್ದರು.

ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಭಟ್ಕಳಕ್ಕೆ ಹೋಗಿ ತೋರಿಸಬೇಕು. ಡಾಕ್ಟರು ಕನ್ನಡಿಯ ಹಿಡಿಕೆಯಿಂದ ಹಲ್ಲನ್ನು ಮೆಲ್ಲಗೆ ಕುಟ್ಟಿ ಕಿವಿಗೊಡುತ್ತಾರೆ. ಮಂದವಾಗಿ ಟಕ್ ಎಂದರೆ ಪೊರೆ ಜೀವಂತವಾಗಿದೆ. ಲೋಹದ ಹಾಗೆ ಟಣ್ ಎಂದರೆ ಬೇರು ನೇರ ಎಲುಬಿಗೇ ಬೆಸೆದುಕೊಂಡಿದೆ. ಹಾಗಾದರೆ ಎಲುಬು ನಿಧಾನವಾಗಿ ಬೇರನ್ನು ತಿನ್ನುತ್ತ ಹೋಗುತ್ತದೆ, ಒಂದು ದಿನ ಹಲ್ಲು ಉದುರುತ್ತದೆ. ಕುಟ್ಟಿದ ಮೇಲೆ ಎಕ್ಸ್‌ರೇ. ಅದಾದ ಮೇಲೆ ಒಂದು ಉದ್ದನೆಯ ರಿಜಿಸ್ಟರು. ಎಡಪುಟದಲ್ಲಿ ಹೀಗೆ ಹಲ್ಲು ನೆಡಿಸಿಕೊಂಡವರ ಹೆಸರು, ಬಲಪುಟದಲ್ಲಿ ವರ್ಷವರ್ಷದ ಫಲಿತಾಂಶ. ಐದನೆಯ ವರ್ಷ ನಾನು ಆ ಪುಟವನ್ನು ಇಣುಕಿ ನೋಡಿದೆ. ಎಡಗಡೆ ಹನ್ನೆರಡು ಹೆಸರು. ಬಲಗಡೆ ನನ್ನದನ್ನು ಬಿಟ್ಟರೆ ಹೆಚ್ಚುಕಡಿಮೆ ಖಾಲಿ. ಎರಡು ಹೆಸರಿನ ಮುಂದೆ ಮಾತ್ರ 'ಹೋಯಿತು' ಎಂದಿತ್ತು.

"ಉಳಿದವರು?" ಎಂದೆ.

"ಯಾರಿಗ್ಗೊತ್ತು? ಒಬ್ಬ ಬೋಟಿನಲ್ಲಿ, ಒಬ್ಬ ದುಬೈಯಲ್ಲಿ, ಒಬ್ಬಳು ಮದುವೆಯಾಗಿ ಎಲ್ಲೋ. ಹಲ್ಲು ಹೋದವರು ಬೈಯೋದಕ್ಕೆ ಬರ್ತಾರೆ. ನಿಂತವರು ಯಾಕೆ ಬರ್ತಾರೆ? ನೋವಿಲ್ಲ, ಮರೆತೇ ಬಿಡ್ತಾರೆ. ಹಾಗಾಗಿ ನನ್ನ ಪುಸ್ತಕದಲ್ಲಿ ಸೋತದ್ದು ಮಾತ್ರ ಇದೆ. ಕುಮಟೆಯಲ್ಲಿ ನಮ್ಮ ಹಲ್ಲಿನ ಡಾಕ್ಟರುಗಳ ಸಭೆಯಲ್ಲಿ ಪ್ರತಿ ಸಲ ಕೇಳ್ತಾರೆ, 'ನಸೀಮಾ, ಹತ್ತು ವರ್ಷದ್ದು ಒಂದಾದ್ರೂ ತೋರಿಸು' ಅಂತ. ನನ್ನ ಹತ್ರ ಇರೋದು ನೀವೊಬ್ಬರೇ." ರಿಜಿಸ್ಟರು ಮುಚ್ಚುತ್ತ, "ದಯವಿಟ್ಟು ಏಡಿ ತಿನ್ನಬೇಡಿ" ಎಂದರು.

ನಾನು ಬಸ್ಸಿನಲ್ಲಿ ಹೊನ್ನಾವರಕ್ಕೆ ಮರಳುವಾಗ ದವಡೆಯ ಮೇಲೆ ಕೈಯಿಟ್ಟುಕೊಂಡು ಬಂದೆ. ಅಲ್ಲಿಯವರೆಗೆ ಅದು ನನ್ನ ಹಲ್ಲಾಗಿತ್ತು. ಅವತ್ತಿನಿಂದ ಅದು ಒಬ್ಬರ ವೃತ್ತಿಯ ಏಕೈಕ ಸಾಕ್ಷಿಯಾಯಿತು.

ಈಗ ನಿಧನ ವಾರ್ತೆಯ ವಿಷಯ. ಪತ್ರಿಕೆಯಲ್ಲಿ ಒಂದು ಪದ್ಧತಿ ಇದೆ, ಓದುಗರಿಗೆ ಹೇಳಿದರೆ ಬೇಸರಪಟ್ಟಾರು. ವಯಸ್ಸಾದ ಗಣ್ಯರ ನಿಧನ ವಾರ್ತೆಯನ್ನು ಅವರು ಗಟ್ಟಿಮುಟ್ಟಾಗಿ ಓಡಾಡುತ್ತಿರುವಾಗಲೇ ಬರೆದಿಟ್ಟಿರುತ್ತೇವೆ. ವರ್ಷಕ್ಕೊಮ್ಮೆ ವಯಸ್ಸನ್ನು ಒಂದು ಹೆಚ್ಚಿಸಿದರಾಯಿತು. ನನ್ನ ಕಂಪ್ಯೂಟರಿನಲ್ಲಿ ಅದಕ್ಕೊಂದು ಫೋಲ್ಡರು, ಹೆಸರು 'ತಯಾರಿ'. ಹಲ್ಲು ನೆಟ್ಟ ಮೂರನೆಯ ವರ್ಷ ಒಮ್ಮೆ ಅಲ್ಲಿ ಜೋರು ನೋವು ಬಂತು. ಎಲ್ಲ ಮುಗಿಯಿತೆಂದು ತಿಳಿದೆ. ಅದು ಬರೀ ಬಂಗಡೆ ಮೀನಿನ ಮುಳ್ಳು ಎಂದು ಗೊತ್ತಾಗುವ ಮುಂಚಿನ ಆ ಮಧ್ಯಾಹ್ನ, ಕಚೇರಿಯಲ್ಲಿ ಕೂತು ದುಃಖ ತಡೆಯಲಾರದೆ ನಾನು ಹಲ್ಲಿನ ನಿಧನ ವಾರ್ತೆ ಬರೆದೆ. ಬರೆದದ್ದನ್ನು ಅಳಿಸುವ ಅಭ್ಯಾಸ ನನಗಿಲ್ಲ. 'ತಯಾರಿ'ಯಲ್ಲಿ ಹಾಕಿದೆ. ಪದ್ಧತಿಯಂತೆ ಪ್ರತಿ ನವೆಂಬರಿಗೂ ವರ್ಷ ತಿದ್ದಿದೆ. ಒಮ್ಮೆ ಡಾಕ್ಟರಿಗೂ ಓದಿ ತೋರಿಸಿದ್ದೆ. ಅವರು ನಗಲಿಲ್ಲ, "ಇದನ್ನ ಅಚ್ಚು ಮಾತ್ರ ಮಾಡಬೇಡಿ" ಎಂದಿದ್ದರು.

ಹತ್ತನೆಯ ವರ್ಷದ ತಪಾಸಣೆಗೆ ಇನ್ನು ಮೂರು ವಾರ ಇತ್ತು. ನಾನು ಭಟ್ಕಳದ ಹತ್ತಿರದ ತೆಂಗಿನಗುಂಡಿಗೆ, ದಡಕ್ಕೆ ಬಂದು ಬಿದ್ದ ಒಂದು ದೊಡ್ಡ ತಿಮಿಂಗಿಲದ ಸುದ್ದಿಗೆ ಹೋಗಿದ್ದೆ. ಮುಖ್ಯ ಕಚೇರಿಯಿಂದ ಹೊನ್ನಾವರಕ್ಕೆ ಫೋನು ಬಂತಂತೆ: ಪುಟದಲ್ಲಿ ನಾಲ್ಕು ಇಂಚು ಖಾಲಿ ಇದೆ, ಏನಾದರೂ ಕಳಿಸಿ. ಕಚೇರಿಯಲ್ಲಿದ್ದವರು ಭಟ್ಟರು. ಜಾಹೀರಾತು ನೋಡಿಕೊಳ್ಳುವವರು, ಕುಮಟೆ ಕಡೆಯ ತೋಟದ ಮನೆಯವರು, ಯಾರಿಗೂ ಇಲ್ಲ ಎನ್ನಲಾರದ ಸಜ್ಜನ. ಅವರು ನನ್ನ ಕಂಪ್ಯೂಟರು ತೆರೆದು, 'ತಯಾರಿ' ಎಂದು ಕಂಡದ್ದರಿಂದ ಒಂದನ್ನು ಕಳಿಸಿದರು. ಮರುದಿನ ಮೂರು ತಾಲೂಕಿನ ಜನ ಚಹದ ಜೊತೆ ಓದಿದ್ದು ಇದು:

"ಹೊನ್ನಾವರ: ಇಲ್ಲಿಯ ಹಿರಿಯ ಶ್ರಮಜೀವಿ ದಂತಪ್ಪ ಬಲಗಡೆ ಅಲ್ಪಕಾಲದ ಅಸೌಖ್ಯದಿಂದ ನಿಧನರಾದರು. ಮೊದಲು ಹಲವು ವರ್ಷ ಹಿಂದಿನ ಸಾಲಿನಲ್ಲಿ ಉದ್ಯೋಗವಿಲ್ಲದೆ ಕಳೆದ ಇವರು, ಬಳಿಕ ಮುಂದಿನ ಸ್ಥಾನಕ್ಕೆ ಬಂದು ಒಂಬತ್ತು ವರ್ಷ ಎಡೆಬಿಡದೆ ದುಡಿದಿದ್ದರು. ಎಂಥ ಗಟ್ಟಿ ವಿಷಯವನ್ನೂ ಅರೆದು ನುಣ್ಣಗೆ ಮಾಡುವುದು ಅವರ ಸ್ವಭಾವವಾಗಿತ್ತು. ಮೃತರು ಇಪ್ಪತ್ತೊಂಬತ್ತು ಮಂದಿ ಸಹೋದರರನ್ನು ಅಗಲಿದ್ದಾರೆ."

"ಭಟ್ಟರೇ, ಇಪ್ಪತ್ತೊಂಬತ್ತು ಮಂದಿ ಸಹೋದರರು ಅಂದಾಗಲಾದರೂ ನಿಮಗೆ ಅನುಮಾನ ಬರಲಿಲ್ಲವೇ?" ಎಂದೆ.

"ನಾ ಓದಿದ್ನಿಲ್ಲೆ ಮಾರಾಯಾ. ನಿಧನ ಹೇಳಿ ಇತ್ತು, ಕಳ್ಸಿದಿ. ಸತ್ತವ್ರ ಸುದ್ದಿಯಲ್ಲಿ ತಪ್ಪು ಎಂತ ಇರ್ತು?" ಎಂದರು ಭಟ್ಟರು.

ಮುಖ್ಯ ಕಚೇರಿಯ ಪುಟದವರನ್ನು ಕೇಳಿದರೆ, ಕರಾವಳಿಯಲ್ಲಿ ದೊಡ್ಡ ಕುಟುಂಬಗಳಿರುತ್ತವೆ ಎಂದುಕೊಂಡೆವು ಎಂದರು. ಹತ್ತು ಗಂಟೆಗೆ ನಮ್ಮ ಊರಿನ ಒಬ್ಬ ಮುಖಂಡರ ಸಂತಾಪ ಹೇಳಿಕೆ ಬಂತು. ಯಾರು ಸತ್ತರೂ ಮೊದಲು ಸಂತಾಪ ಸೂಚಿಸುವವರು ಅವರೇ. ದಂತಪ್ಪನವರ ಸರಳತೆಯನ್ನು ತಾವು ಹತ್ತಿರದಿಂದ ಕಂಡಿದ್ದು, ಅವರ ಅಗಲಿಕೆಯಿಂದ ಸಮಾಜಕ್ಕೆ ತುಂಬಲಾರದ ನಷ್ಟವಾಗಿದೆ ಎಂದು ಬರೆದಿದ್ದರು. ಹನ್ನೊಂದಕ್ಕೆ ಭಾವ. ಅವರು ಪತ್ರಿಕೆಯನ್ನು ನಿಧನದ ಅಂಕಣದಿಂದಲೇ ಶುರುಮಾಡುವವರು, ನನ್ನ ಹಲ್ಲಿನ ಚರಿತ್ರೆಯನ್ನು ಬಾಯಿಪಾಠ ಮಾಡಿದವರು. "ಹೋತು ಅಲ್ದಾ? ಒಂಬತ್ತು ವರ್ಷ, ಹನ್ನೊಂದು ತಿಂಗಳು! ನಾ ಹೇಳಿದ್ದೆ!" ಎಂದು ಸೆಟ್ಟು ಅಲುಗುವಷ್ಟು ನಕ್ಕರು. ಅವರಿಗೆ ಉತ್ತರ ಕೊಡುವಷ್ಟರಲ್ಲಿ ಭಟ್ಕಳದ ಕರೆ. ಡಾ. ನಸೀಮಾರ ದನಿ ಸಣ್ಣಗಾಗಿತ್ತು.

"ನಮ್ಮ ಹಲ್ಲು ಹೋಯ್ತಾ? ನನಗೆ ಒಂದು ಮಾತು ಹೇಳಲಿಲ್ಲ ನೀವು. ಕುಮಟೆ ಸಭೆಗೆ ಹೆಸರು ಕೊಟ್ಟಾಗಿದೆ."

ಇಲ್ಲ ಡಾಕ್ಟರೇ, ಬಾಯಲ್ಲೇ ಇದೆ, ಸುದ್ದಿ ಸುಳ್ಳು ಎಂದೆ. ನಲವತ್ತೇಳನೆಯ ವಯಸ್ಸಿನವರೆಗೆ ನನ್ನ ಸುದ್ದಿಯನ್ನು ಸುಳ್ಳೆಂದು ನಾನೇ ಹೇಳುವ ಪ್ರಸಂಗ ಬಂದಿರಲಿಲ್ಲ.

ಮನೆಗೆ ಬಂದರೆ ಅಮ್ಮ ಬಾಗಿಲಲ್ಲೇ ಕೂತಿದ್ದಳು. "ಬದ್ಕಿದ್ದ ಹಲ್ಲಿಗೆ ತಿಥಿ ಮಾಡ್ದವ ಊರಲ್ಲಿ ನೀನೊಬ್ಬನೇ. ಬಾ ಇಲ್ಲಿ, ಬಾಯಿ ತೆಗಿ" ಎಂದಳು. ಕೈಯಲ್ಲಿ ಸ್ಟೀಲ್ ಚಮಚ. ತೆಂಗಿನಕಾಯಿಯನ್ನು ಕುಟ್ಟಿ ನೋಡದೆ ಅವಳು ಜೀವಮಾನದಲ್ಲಿ ಕೊಂಡಿಲ್ಲ. ಚಮಚದ ತುದಿಯಿಂದ ಹಲ್ಲಿನ ನೆತ್ತಿಗೆ ಒಂದು ಕೊಟ್ಟಳು. ನನ್ನ ತಲೆಬುರುಡೆಯೊಳಗೆ ಸ್ಪಷ್ಟವಾಗಿ ಕೇಳಿಸಿತು: ಟಣ್.

"ಆತು! ಎಂತ ಹೆದ್ರೂದು ಬ್ಯಾಡ. ಟಣ್ ಅಂತದೆ, ಒಳ್ಳೆ ಬೆಳ್ದ ಕಾಯಿ" ಎಂದು ಅಮ್ಮ ಖುಷಿಯಿಂದ ಎದ್ದು ಒಳಗೆ ಹೋದಳು. ನಾನು ಅಲ್ಲೇ ಕೂತೆ. ತೆಂಗಿನಕಾಯಿಗೆ ಟಣ್ ಶುಭ. ನೆಟ್ಟ ಹಲ್ಲಿಗೆ ಟಣ್ ಎಂದರೆ ಬೇರು ಎಲುಬಿಗೆ ಬೆಸೆದಿದೆ, ದಿನ ಎಣಿಸಬೇಕು. ನಾನು ಬರೆದ ವಾರ್ತೆ ಸುಳ್ಳಲ್ಲ, ಸ್ವಲ್ಪ ಮುಂಚಿತವಾಗಿ ಬಂದಿದೆ ಅಷ್ಟೇ ಎಂದಾಯಿತು. ಮುಂದಿನ ಮೂರು ವಾರ ನಾನು ಆ ಬದಿಯಿಂದ ಅಗಿಯಲಿಲ್ಲ. ಸಂಪಾದಕರು ತಿದ್ದುಪಡಿ ಕಳಿಸಿ ಎಂದು ಎರಡು ಸಲ ಹೇಳಿದರು. ಅದಕ್ಕೆ ಆಧಾರ ಬೇಕೆಂದೂ ಹೇಳಿದರು. ಹಲ್ಲು ಬದುಕಿದೆ ಎಂದು ಬರೆಯಲು ನನ್ನ ಬೆರಳು ಏಳಲಿಲ್ಲ. ಒಂದೇ ಹಲ್ಲಿಗೆ ಎರಡು ಸಲ ಸುಳ್ಳು ಸುದ್ದಿ ಕೊಟ್ಟ ವರದಿಗಾರನಾಗುವುದು ಬೇಡ ಎಂದು ಮುಂದೂಡುತ್ತ ಬಂದೆ.

ನವೆಂಬರಿನ ಎರಡನೆಯ ಮಂಗಳವಾರ ಭಟ್ಕಳಕ್ಕೆ ಹೋದೆ. ಕುರ್ಚಿಯಲ್ಲಿ ಒರಗುವ ಮೊದಲೇ ಅಮ್ಮನ ಚಮಚದ ವಿಷಯವನ್ನೂ ಟಣ್ ಎಂದದ್ದನ್ನೂ ಹೇಳಿಬಿಟ್ಟೆ. ಡಾಕ್ಟರ ಮುಖ ಬಿಗಿಯಿತು. ಕನ್ನಡಿ ತೆಗೆದುಕೊಂಡರು. ಕುಟ್ಟುವ ಮುಂಚೆ ಏನೋ ಹೊಳೆದವರ ಹಾಗೆ ನಿಂತರು.

"ಪಕ್ಕದ ಹಲ್ಲನ್ನ ಕುಟ್ಟಿ ನೋಡಿದ್ರಾ?"

"ಇಲ್ಲ."

"ಅರೇ, ಸ್ಟೀಲ್ ಚಮಚದಿಂದ ಕುಟ್ಟಿದ್ರೆ ನನ್ನ ಮೇಜೂ ಟಣ್ ಅಂತದೆ. ಒಂದೇ ಹಲ್ಲಿನ ಮಾತು ಕೇಳಿ ನಂಬಿಬಿಟ್ರಾ? ನೀವು ಪೇಪರಿನವರು ಇಬ್ಬರನ್ನ ಕೇಳದೆ ಬರೆಯೋದಿಲ್ಲ ಅಂತ ಜಂಬ ಕೊಚ್ತೀರಲ್ಲ?"

ಇಪ್ಪತ್ತು ವರ್ಷದಿಂದ ನಾನು ಹೊಸಬರಿಗೆ ಹೇಳಿಕೊಡುವ ಮೊದಲ ಪಾಠ ಅದೇ. ಎರಡನೆಯ ಮೂಲವನ್ನು ಕೇಳದೆ ಯಾವುದನ್ನೂ ನಂಬಬೇಡಿ. ನನ್ನ ಎರಡನೆಯ ಮೂಲ ಅರ್ಧ ಅಂಗುಲ ದೂರದಲ್ಲಿ, ನನ್ನ ಬಾಯಲ್ಲೇ, ಮೂರು ವಾರದಿಂದ ಕೂತಿತ್ತು.

ಅವರು ಮೊದಲು ಪಕ್ಕದ ಹಲ್ಲನ್ನು ಕುಟ್ಟಿದರು. ಟಕ್. ಆಮೇಲೆ ಅದನ್ನು. ಟಕ್. ಮತ್ತೊಮ್ಮೆ. ಟಕ್. ಇಷ್ಟು ಮಂದವಾದ, ಇಷ್ಟು ಇಂಪಿಲ್ಲದ, ಇಷ್ಟು ಇಂಪಾದ ಸದ್ದನ್ನು ನಾನು ಕೇಳಿಲ್ಲ. ಎಕ್ಸ್‌ರೇಯಲ್ಲಿ ಬೇರಿನ ಸುತ್ತ ಕೂದಲೆಳೆಯಷ್ಟು ಕಪ್ಪು ಗೆರೆ, ಎಲ್ಲಿಯೂ ತುಂಡಾಗದೆ, ಹತ್ತು ವರ್ಷದ ಹಿಂದೆ ಹೇಗಿರಬೇಕೆಂದು ಹೇಳಿದ್ದರೋ ಹಾಗೇ ಇತ್ತು. ಅದೇ ಆ ಪೊರೆ. ಡಾ. ನಸೀಮಾ ರಿಜಿಸ್ಟರು ತೆರೆದು ಹತ್ತನೆಯ ವರ್ಷದ ಚೌಕದಲ್ಲಿ 'ಇದೆ' ಎಂದು ಬರೆದರು. ಬರೆದ ಮೇಲೆ ಒಂದು ಕ್ಷಣ ಪೆನ್ನನ್ನು ಹಾಗೇ ಹಿಡಿದುಕೊಂಡಿದ್ದರು. "ಥ್ಯಾಂಕ್ಸ್" ಎಂದರು. ಕೊಟ್ಟ ಮಾತು ಉಳಿಸಿಕೊಂಡರು.

ಮುಂದಿನದು ಮೆರವಣಿಗೆ. ಕುಮಟೆಯ ಸಭೆಯಲ್ಲಿ ಹಲ್ಲಿನ ಡಾಕ್ಟರುಗಳೆಲ್ಲ ಸಾಲುಗಟ್ಟಿ ನನ್ನ ಬಾಯಿಯೊಳಗೆ ಇಣುಕಿದರು. ಅಷ್ಟು ಜನ ನನ್ನ ಬಾಯಿಯನ್ನು ಗಮನಿಸಿದ್ದು ಅದೇ ಮೊದಲು, ನಾನು ಒಂದು ಮಾತೂ ಆಡುವ ಹಾಗಿರಲಿಲ್ಲ. ಧಾರೇಶ್ವರದಲ್ಲಿ ಅಕ್ಕ ಊಟಕ್ಕೆ ಕರೆದಳು. ಭಾವ ಗಂಭೀರವಾಗಿ ಬಂದು, ನಾಮಕರಣದ ಪಂಕ್ತಿಯಲ್ಲಿ ಇದ್ದವರನ್ನೆಲ್ಲ ಸಾಕ್ಷಿಗೆ ಕರೆದು, ಸೆಟ್ಟನ್ನು ತೆಗೆದು ಬಾಳೆಲೆಯ ಮೇಲಿಟ್ಟು, ನನ್ನ ದವಡೆಗೆ ಕೈ ಮುಗಿದರು. ಬಾಯಿ ಬೋಳಾಗಿ ಏನೋ ಹೇಳಿದರು. ಅಕ್ಕ ಅನುವಾದಿಸಿದಳು: "ಹಲ್ಲಿಗೆ ಸೋತೆ, ಇವನಿಗೆ ಸೋತದ್ದಲ್ಲ ಅಂತ್ರು." ಸಾರು ಏಡಿಯದೇ. ಅಮ್ಮ ನನ್ನ ಪಾಲಿನ ಕಾಲುಗಳನ್ನೂ ತನ್ನ ಹಲ್ಲಿನಲ್ಲೇ ಒಡೆದು ಮಾಂಸ ಬಿಡಿಸಿ ಕೊಟ್ಟಳು. ಅವಳಿಗೆ ಎಪ್ಪತ್ತಾರು.

ತಿದ್ದುಪಡಿ ಅಚ್ಚಾಯಿತು. ನಮ್ಮಲ್ಲಿ ತಿದ್ದುಪಡಿ ಚಿಕ್ಕದಿರಬೇಕು, ತಪ್ಪನ್ನು ಮತ್ತೆ ಹೇಳಬಾರದು. ದಂತಪ್ಪ ಬಲಗಡೆ ಎಂಬವರು ವ್ಯಕ್ತಿಯಲ್ಲ, ವರದಿಗಾರರ ಹಲ್ಲು. ಹತ್ತು ವರ್ಷ ಪೂರೈಸಿ ಕ್ಷೇಮವಾಗಿದೆ ಎಂದು ಬರೆದೆ. ಅದರ ಕೆಳಗೆ ಸಂಪಾದಕರನ್ನು ಕೇಳಿಕೊಂಡು ಒಂದು ಸಾಲು ಸೇರಿಸಿದೆ: ಭಟ್ಕಳದಲ್ಲಿ ಇದೇ ರೀತಿ ಹಲ್ಲು ನೆಡಿಸಿಕೊಂಡು, ಅದು ಇನ್ನೂ ಗಟ್ಟಿಯಾಗಿದೆ ಎಂಬ ಕಾರಣಕ್ಕೆ ಮರೆತವರು, ಒಮ್ಮೆ ಹೋಗಿ ತೋರಿಸಿ ಬರಬೇಕು. ಇಪ್ಪತ್ತು ವರ್ಷದಲ್ಲಿ ನಾನು ಬರೆದ, ಏನೂ ಕೆಟ್ಟದ್ದು ಆಗಿಲ್ಲ ಎಂಬ ಮೊದಲ ಸುದ್ದಿ. ಸಂತಾಪ ಸೂಚಿಸಿದ್ದ ಮುಖಂಡರಿಂದ ಮರುದಿನವೇ ಅಭಿನಂದನೆಯ ಹೇಳಿಕೆ ಬಂತು.

ಕಾಸರಕೋಡಿನ ಒಬ್ಬ ಬೋಟಿನ ಚಾಲಕ ಮೊದಲು ಹೋದನಂತೆ, "ಇದು ನೆಟ್ಟ ಹಲ್ಲೋ ಹುಟ್ಟಿದ್ದೋ ನಂಗೇ ಮರ್ತೋಗಿತ್ತು ಡಾಕ್ಟ್ರೇ" ಎನ್ನುತ್ತ. ಆಮೇಲೆ ಕುಮಟೆಗೆ ಮದುವೆಯಾಗಿ ಹೋಗಿದ್ದಾಕೆ, ಮಗಳನ್ನು ಎತ್ತಿಕೊಂಡು. ದುಬೈಯವನು ರಜೆಗೆ ಬಂದಾಗ ವಿಮಾನ ನಿಲ್ದಾಣದಿಂದ ಮನೆಗೆ ಹೋಗುವ ಮುಂಚೆಯೇ ಬಂದನೆಂದು ಡಾಕ್ಟರು ಹೇಳುತ್ತಾರೆ. ಇದಕ್ಕೆ ನನ್ನ ಬಳಿ ಎರಡನೆಯ ಮೂಲ ಇಲ್ಲ.

ಕಳೆದ ನವೆಂಬರಿನ ಎರಡನೆಯ ಮಂಗಳವಾರ ಹನ್ನೊಂದನೆಯ ವರ್ಷದ ತಪಾಸಣೆ ನಡೆಯಿತು. ರಿಜಿಸ್ಟರಿನ ಬಲಪುಟದಲ್ಲಿ ಈಗ ಆರು ಹೆಸರುಗಳ ಮುಂದೆ 'ಇದೆ' ಎಂದಿದೆ, ಮೂರರ ಮುಂದೆ 'ಹೋಯಿತು' ಎಂದಿದೆ, ಮೂರು ಖಾಲಿ ಇವೆ. ನನ್ನ ನೆಟ್ಟ ಹಲ್ಲು ಟಕ್ ಎಂದಿತು. ಅದರ ಪಕ್ಕದ ಹಲ್ಲಿನಲ್ಲಿ, ಹುಟ್ಟಿದಾಗಿನಿಂದ ಸ್ವಸ್ಥಾನದಲ್ಲೇ ಇರುವುದರಲ್ಲಿ, ಹುಳುಕು ಕಂಡುಬಂದಿದೆ. ಬರುವ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಬರಲು ಹೇಳಿದ್ದಾರೆ.